ಎಂಜಿನ್ ಇಲ್ಲದೆ ಕಾರವಾರದಿಂದ ಬಸ್ರೂರಿಗೆ

"ಹಾಯಿ ಕಟ್ಟಿಕೊಂಡು ಬಸ್ರೂರಿಗಾ? ಬಸ್ಸಿದೆಯಲ್ಲ ಮಾರಾಯ" ಅಂದಿದ್ದ ನಮ್ಮ ಭಾವ. ಮೂರನೇ ವರ್ಷಕ್ಕೆ ದೋಣಿಯನ್ನು ಅಲ್ಲಿಗೆ ಮುಟ್ಟಿಸಿದೆ.

ಮೊದಲ ವರ್ಷ ಎಲ್ಲರ ಮಾತು ಕೇಳಿ ಬೆಳಗಿನ ಜಾವ ಹೊರಟೆ. ನೆಲದ ಗಾಳಿ ಚೆನ್ನಾಗಿಯೇ ತಳ್ಳಿತು, ತಳ್ಳಿದ್ದು ಮಾತ್ರ ಹೊರಗಡಲಿಗೆ. ಹತ್ತು ಗಂಟೆಗೆ ಗಾಳಿ ಬಿದ್ದುಹೋಯಿತು. ಬೇಲೇಕೇರಿ ಎದುರು ಮೂರು ತಾಸು ಬಿಸಿಲಲ್ಲಿ ಬೆಂದು, ಟ್ರಾಲ್ ಬೋಟಿನವರಿಂದ ಎಳೆಸಿಕೊಂಡು ಬಂದೆ. ಡೀಸೆಲಿಗೆ ಎರಡು ಸಾವಿರ. ಎರಡನೇ ವರ್ಷ ಹೊನ್ನಾವರದ ಅಳಿವೆಗೆ ಇಳಿತದ ಹೊತ್ತಲ್ಲಿ ನುಗ್ಗಿದೆ. ಒಳಗಿಂದ ಶರಾವತಿ, ಹೊರಗಿಂದ ಅಲೆ, ನಡುವೆ ಮರಳ ದಿಬ್ಬ. ಚುಕ್ಕಾಣಿ ಸೀಳಿತು, ಲಾರಿ ತಾಡಪಾಲಿನಿಂದ ಹೊಲಿಸಿದ್ದ ಹಾಯಿ ಚಿಂದಿಯಾಯಿತು. ಗೋವಾದಿಂದ ಹಳೇ ಹಾಯಿ ತರಿಸಿ ಕತ್ತರಿಸಿ ಹೊಲಿಸಲು ಹದಿನಾಲ್ಕು ಸಾವಿರ ಹೋಯಿತು. 22 ಅಡಿಯ ಹಳೇ ಫೈಬರ್ ದೋಣಿಯೂ ಸೇರಿ ಒಟ್ಟು ಒಂದೂವರೆ ಲಕ್ಷದ ಹತ್ತಿರ.

ಬಸ್ರೂರಿನಂಥ ಹಳೇ ಬಂದರುಗಳು ಸಮುದ್ರದ ಬಾಯಲ್ಲಿಲ್ಲ, ನದಿಯ ಒಳಗಿವೆ. ಇದು ತಲೆಗೆ ಹೋದ ಮೇಲೆ ದಾರಿ ಸಿಕ್ಕಿತು. ಮಧ್ಯಾಹ್ನ ವಾಯುವ್ಯದ ಗಾಳಿ ಎದ್ದ ಮೇಲೆ ದಂಡೆಗುಂಟ ತೆಂಕಕ್ಕೆ, ಸಂಜೆಯ ಉಬ್ಬರದಲ್ಲಿ ಅಳಿವೆಯ ಒಳಕ್ಕೆ. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕೂಡಿಬರುತ್ತವೆ. ಮೂರನೇ ವರ್ಷ ಫೆಬ್ರವರಿಯಲ್ಲಿ ಹೊರಟೆ. ಶಿವಾಜಿಯ ಹಡಗುಗಳು 1665ರಲ್ಲಿ ಬಸ್ರೂರಿಗೆ ಬಂದದ್ದೂ ಫೆಬ್ರವರಿಯಲ್ಲೇ.

ನೌಕಾನೆಲೆಯನ್ನು ಬಹಳ ದೂರದಿಂದ ಬಳಸಿ ಬೇಲೇಕೇರಿಯಲ್ಲಿ ಮಲಗಿದೆ. ಮರುದಿನ ತದಡಿ, ಉಬ್ಬರವೇ ಅಘನಾಶಿನಿಯೊಳಕ್ಕೆ ಎತ್ತಿಕೊಂಡು ಹೋಯಿತು. ಬೆಳಿಗ್ಗೆ ನೀರಿಳಿದಾಗ ಸೊಂಟದವರೆಗಿನ ನೀರಲ್ಲಿ ಹೆಂಗಸರು ಕಾಲಲ್ಲೇ ತಡಕಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ಒಬ್ಬರು ಬೊಗಸೆ ತುಂಬ ದೋಣಿಗೆ ಹಾಕಿ, "ಎಂಜಿನ್ ಕೆಟ್ಟಿತಾ?" ಎಂದು ಕನಿಕರಪಟ್ಟರು. ಅದನ್ನೇ ಬೇಯಿಸಿ ತಿಂದು ಮಿರ್ಜಾನ್ ಕೋಟೆ ಹತ್ತಿದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕರಿಮೆಣಸು ಹಡಗು ಹತ್ತಿದ್ದು ಇಂಥ ನೀರಿಂದಲೇ. ಚಿರೆಕಲ್ಲಿನ ಗೋಡೆ ಮುಟ್ಟಿದರೆ ಕೈಗೆ ಕೆಂಪು ಹತ್ತುತ್ತದೆ.

ಹೊನ್ನಾವರಕ್ಕೆ ಬರುವಷ್ಟರಲ್ಲಿ ಉಬ್ಬರ ದಿನಕ್ಕಿಷ್ಟು ತಡವಾಗುತ್ತ ರಾತ್ರಿಗೆ ಸರಿದಿತ್ತು. ದೋಣಿ ಕಟ್ಟಿ ಬಸ್ಸಲ್ಲಿ ಮನೆಗೆ ಬಂದೆ, ಮುಂದಿನ ಅಷ್ಟಮಿಗೆ ಮತ್ತೆ ಹೋದೆ. ಭಾವ ನಕ್ಕ. ನಗಲಿ.

ನಡುವೆ ಒಂದು ಪ್ರಯೋಗ: ಹಾಯಿಯ ನೆರಳಲ್ಲಿ ಬಂಗುಡೆ ಒಣಗಿಸಲು ಹೋದೆ. ಕಾಗೆಗಳಿಗೆ ಲಾಭ.

ಹಾಯಿಗೆ ಗಾಳಿ ಬಡಿದರೆ ನಾಡದೋಣಿ ಪಕ್ಕಕ್ಕೆ ಜಾರುತ್ತದಲ್ಲ, ಅದಕ್ಕೆ ಎರಡೂ ಬದಿಗೆ ನೀರಿಗೆ ಹಲಗೆ ಇಳಿಬಿಟ್ಟಿದ್ದೇನೆ. ಎಲ್ಲಿ, ಎಷ್ಟು ಓರೆಯಾಗಿ ಅಂತ ಕೇಳಬೇಡಿ. ಎರಡು ವರ್ಷದ ದುಡಿಮೆ ಅದು.

ಭಟ್ಕಳದಲ್ಲಿ ಒಂದು ರಾತ್ರಿ, ಆಮೇಲೆ ಗಂಗೊಳ್ಳಿ. ಕುಂದಾಪುರದ ಹೆದ್ದಾರಿ ಸೇತುವೆಗೆ ಹಾಯಿಕಂಬ ಮಲಗಿಸಿ, ಗಳ ಹಾಕುತ್ತ ಬಸ್ರೂರು ಸೇರಿದಾಗ ದೇವಸ್ಥಾನದ ದೀಪ ಹತ್ತಿತ್ತು. ಭಾವನಿಗೆ ಫೋನ್ ಮಾಡಿದೆ. "ವಾಪಸ್ ಬರುವಾಗ ಗಾಳಿ ಎದುರಲ್ಲವಾ?" ಅಂದ.

ದೋಣಿ ಲಾರಿಯಲ್ಲಿ ಬಂತು. ಎಂಟು ಸಾವಿರ.