ವೈಸರ್ ಮಬ್ಬಾಗದಿರಲು ಮೊದಲು ಉಸಿರಿಗೆ ದಾರಿ ಮಾಡಿಕೊಡಿ

ಮಳೆಯಲ್ಲಿ ಬೈಕ್ ಓಡಿಸುವವರಿಗೆ ರಸ್ತೆಯ ಮೇಲಿನ ನೀರಿಗಿಂತ ಹೆಚ್ಚು ಕಾಟ ಕೊಡುವುದು ಕಣ್ಣೆದುರಿನ ವೈಸರ್. ಸಿಗ್ನಲ್‌ನಲ್ಲಿ ನಿಂತು ನಾಲ್ಕು ಸಲ ಉಸಿರು ಬಿಟ್ಟರೆ ಸಾಕು, ಅದು ಬೆಳ್ಳಗಾಗಿರುತ್ತದೆ. ಎತ್ತಿದರೆ ಹನಿಗಳು ಕಣ್ಣಿಗೆ ಚುಚ್ಚುತ್ತವೆ, ಇಳಿಸಿದರೆ ಮತ್ತೆ ಮಬ್ಬು. ಇಂಥ ಹೊತ್ತಿನಲ್ಲಿ ಬಹಳ ಮಂದಿಗೆ ನೆನಪಾಗುವುದು ಮಬ್ಬು ತಡೆಯುವ ಸ್ಪ್ರೇ. ಸ್ಪ್ರೇ ಕೆಲಸಕ್ಕೆ ಬರುತ್ತದೆ, ಆದರೆ ಅದರ ಸರದಿ ಮೂರನೆಯದು. ಉಸಿರು ಹೊರಹೋಗಲು ದಾರಿಯಿಲ್ಲದ ಹೆಲ್ಮೆಟ್‌ನಲ್ಲಿ, ಜಿಡ್ಡು ಹಿಡಿದ ವೈಸರ್ ಮೇಲೆ ಎಷ್ಟು ದುಬಾರಿ ದ್ರಾವಣ ಸವರಿದರೂ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಮಬ್ಬು ಹೇಗೆ ಕಟ್ಟುತ್ತದೆ ಎಂದು ತಿಳಿದರೆ ಮುಂದಿನ ಹಂತಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ನಾವು ಹೊರಬಿಡುವ ಉಸಿರಿನ ಉಷ್ಣತೆ ಸುಮಾರು 34 ಡಿಗ್ರಿ ಸೆಲ್ಸಿಯಸ್. ಆ ಉಷ್ಣತೆಯ ಗಾಳಿ ಹಿಡಿದಿಟ್ಟುಕೊಳ್ಳಬಲ್ಲಷ್ಟು ನೀರಾವಿ ಅದರಲ್ಲಿ ಹೆಚ್ಚುಕಡಿಮೆ ಪೂರ್ತಿ ತುಂಬಿರುತ್ತದೆ. ಹೊರಗಿನಿಂದ ಗಾಳಿಯೂ ಮಳೆಯೂ ಬಡಿದು ವೈಸರ್ ತಣ್ಣಗಾಗುತ್ತದೆ. ಅದರ ಒಳಮೈ ಇಬ್ಬನಿ ಬಿಂದುವಿಗಿಂತ ಕೆಳಗಿಳಿದ ಕೂಡಲೇ ಆವಿ ನೀರಾಗಿ ಅಂಟಿಕೊಳ್ಳುತ್ತದೆ. ಆ ನೀರು ತೆಳುವಾಗಿ ಹರಡಿದರೆ ನೋಟಕ್ಕೆ ಅಡ್ಡಿಯಿಲ್ಲ. ಆದರೆ ಅದು ಸಾವಿರಾರು ಸೂಕ್ಷ್ಮ ಗುಂಡುಹನಿಗಳಾಗಿ ನಿಲ್ಲುತ್ತದೆ, ಪ್ರತಿಯೊಂದು ಹನಿಯೂ ಬೆಳಕನ್ನು ತನಗೆ ತೋಚಿದ ದಿಕ್ಕಿಗೆ ಚೆದುರಿಸುತ್ತದೆ. ಹಾಗಾಗಿ ನಮಗಿರುವ ದಾರಿಗಳು ಮೂರೇ: ಒಳಗಿನ ಆವಿಯನ್ನು ತಗ್ಗಿಸುವುದು, ಹನಿ ಗುಂಡಾಗದಂತೆ ನೋಡಿಕೊಳ್ಳುವುದು, ಒಳಮೈಯನ್ನು ಬೆಚ್ಚಗಿಡುವುದು.

ಶುರು ಮಾಡುವ ಮುನ್ನ ಮಬ್ಬು ಯಾವ ಬದಿಯಲ್ಲಿದೆ ಎಂದು ಬೆರಳಿನಿಂದ ಒಂದು ಗೆರೆ ಎಳೆದು ನೋಡಿ. ಹವಾನಿಯಂತ್ರಿತ ಕೋಣೆಯಲ್ಲಿಟ್ಟ ಹೆಲ್ಮೆಟ್ ಅನ್ನು ತೇವದ ಸೆಕೆಗೆ ತಂದಾಗ ವೈಸರ್‌ನ ಹೊರಮೈಯೂ ಬೆಳ್ಳಗಾಗುತ್ತದೆ. ಅದಕ್ಕೆ ಯಾವ ಉಪಚಾರವೂ ಬೇಡ. ಹೆಲ್ಮೆಟ್ ಹೊರಗಿನ ಉಷ್ಣತೆಗೆ ಬರುವವರೆಗೆ ಕಾದು, ಒರೆಸಿ ಹೊರಟರಾಯಿತು. ನಮ್ಮ ನಿಜವಾದ ಜಗಳ ಒಳಮೈಯ ಮಬ್ಬಿನೊಡನೆ.

ಹಂತ 1: ಗಾಳಿಯ ದಾರಿ

ಗದ್ದದ ಬಳಿ ಇರುವ ಗಾಳಿಕಿಂಡಿಯನ್ನು ತೆರೆಯಿರಿ. ಹೆಚ್ಚಿನ ಮುಚ್ಚಿದ ಹೆಲ್ಮೆಟ್‌ಗಳಲ್ಲಿ ಈ ಕಿಂಡಿಯಿಂದ ಬಂದ ಗಾಳಿ ವೈಸರ್‌ನ ಒಳಮೈಯನ್ನು ಸವರಿಕೊಂಡು ಮೇಲೇರುತ್ತದೆ. ಹಣೆಯ ಮೇಲಿನ ಕಿಂಡಿ ತಲೆಯನ್ನು ತಂಪಾಗಿಡಲು ಇರುವುದು, ವೈಸರ್‌ಗೆ ಅದರಿಂದ ಹೇಳಿಕೊಳ್ಳುವ ನೆರವಿಲ್ಲ. ಗದ್ದದ ಕಿಂಡಿಯಲ್ಲಿ ಧೂಳು, ಕೆಸರು, ಸತ್ತ ಹುಳು ಸೇರಿಕೊಂಡಿರುವುದು ಸಾಮಾನ್ಯ. ಹೊರಗಿನಿಂದ ಬಾಯಲ್ಲಿ ಊದಿ ಒಳಗೆ ಅಂಗೈ ಹಿಡಿಯಿರಿ. ಗಾಳಿ ತಾಗದಿದ್ದರೆ ಹಳೆಯ ಟೂತ್‌ಬ್ರಷ್‌ನಿಂದ ಬಿಡಿಸಿ.

‘ಮಳೆಯ ಗಾಳಿಯೇ ಒದ್ದೆ, ಅದನ್ನು ಒಳಗೆ ಬಿಟ್ಟುಕೊಂಡು ಏನು ಸುಖ?’ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲ ನೀರಾವಿ ಸುಮಾರು 17 ಗ್ರಾಂ. ಅದೇ ಗಾಳಿ ಮುಖದ ಶಾಖಕ್ಕೆ 30 ಡಿಗ್ರಿಯಾದರೆ ಸುಮಾರು 30 ಗ್ರಾಂ ಹಿಡಿಯುತ್ತದೆ. ಹೊರಗೆ ತೊಯ್ದು ತೊಪ್ಪೆಯಾದಂತಿರುವ ಗಾಳಿಯೂ ಹೆಲ್ಮೆಟ್‌ನೊಳಗೆ ಬಂದು ಬೆಚ್ಚಗಾದ ಮೇಲೆ ಇನ್ನಷ್ಟು ಆವಿಯನ್ನು ಹೊತ್ತೊಯ್ಯಬಲ್ಲದು. ಆದ್ದರಿಂದ ಮಳೆ ಬಂತೆಂದು ಕಿಂಡಿ ಮುಚ್ಚುವುದು ಎಡವಟ್ಟು.

ಮುಂದಿನದು ಉಸಿರಿನ ದಿಕ್ಕು. ಮೂಗಿನ ಮೇಲೆ ಕೂರುವ ರಬ್ಬರ್ ಅಥವಾ ಮೆತ್ತನೆಯ ಪ್ಲಾಸ್ಟಿಕ್‌ನ ಉಸಿರು ತಡೆ ಹೆಲ್ಮೆಟ್‌ನೊಡನೆ ಬಂದಿದ್ದರೆ ಅದನ್ನು ಡಬ್ಬಿಯಲ್ಲೇ ಬಿಡಬೇಡಿ. ಅದು ಉಸಿರನ್ನು ಕೆಳಕ್ಕೆ ತಿರುಗಿಸುತ್ತದೆ. ಆದರೆ ಮೂಗಿನ ಎರಡೂ ಪಕ್ಕಕ್ಕೆ ಅಂಟಿ ಕೂತಿರಬೇಕು, ಸಂದು ಉಳಿದರೆ ಉಸಿರು ನೇರ ಕಣ್ಣಿನ ಕಡೆಗೇ ನುಗ್ಗುತ್ತದೆ. ಗದ್ದದ ಕೆಳಗೆ ಕಟ್ಟುವ ಬಟ್ಟೆಯ ಪರದೆ ಚಳಿಗೆ ಹಿತ, ಮಳೆಗೆ ಶತ್ರು, ಅದನ್ನು ಬಿಚ್ಚಿಡಿ. ಮುಖಕ್ಕೆ ಸುತ್ತಿಕೊಂಡ ಬಟ್ಟೆ ಒದ್ದೆಯಾದರೆ ಉಸಿರು ಅದರೊಳಗಿನಿಂದ ಹಾದುಹೋಗದೆ ಮೂಗಿನ ಪಕ್ಕದಿಂದ ಮೇಲಕ್ಕೆ ಹೊರಳುತ್ತದೆ. ಅದನ್ನು ಮೂಗಿನ ಕೆಳಗೆ ಸರಿಸಿ. ಇಕ್ಕಟ್ಟಿನ ಹೊತ್ತಿಗೆ ಒಂದು ಉಪಾಯವಿದೆ: ಮೇಲ್ದುಟಿಯನ್ನು ತುಸು ಮುಂದೆ ಚಾಚಿ ಬಾಯಿಯಿಂದ ಗದ್ದದ ಕಡೆಗೆ ಉಸಿರು ಬಿಡುವುದು.

ಇನ್ನು ವೈಸರ್ ಎತ್ತುವ ಸಮಯ. ಮೊದಲ ಮೆಟ್ಟಿಲಿನಷ್ಟು, ಅಂದರೆ ಒಂದು ‘ಟಿಕ್’ ಕೇಳುವಷ್ಟು ತೆರೆದರೆ ಓಡುವಾಗ ಬೇಕಾದಷ್ಟು ಗಾಳಿ ಸಿಗುತ್ತದೆ. ನಿಂತಾಗ ಗಾಳಿಯ ಹರಿವೇ ಇರುವುದಿಲ್ಲ. ಆದ್ದರಿಂದ ಸಿಗ್ನಲ್ ಕಂಡು ವೇಗ ತಗ್ಗಿಸುವಾಗಲೇ ವೈಸರ್ ಅನ್ನು ಇನ್ನಷ್ಟು ಮೇಲೆತ್ತಿ. ಬೆಳ್ಳಗಾದ ಮೇಲೆ ಎತ್ತುವುದಕ್ಕಿಂತ ಬೆಳ್ಳಗಾಗುವ ಮೊದಲೇ ಎತ್ತುವುದು ಎಷ್ಟೋ ಮೇಲು, ಏಕೆಂದರೆ ಒಮ್ಮೆ ಕೂತ ಹನಿ ಆರಲು ಕೂರುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಓಡುತ್ತಿರುವಾಗಲೇ ಇದ್ದಕ್ಕಿದ್ದಂತೆ ಏನೂ ಕಾಣದಾದರೆ ಬೆರಳು ತೂರಿಸಿ ಒರೆಸಲು ಹೋಗಬೇಡಿ. ಪೂರ್ತಿ ಎತ್ತಿ, ವೇಗ ಇಳಿಸಿ, ರಸ್ತೆಯ ಅಂಚಿಗೆ ಬನ್ನಿ.

ಹಂತ 2: ತೊಳೆಯುವುದು

ಜಿಡ್ಡು ಮತ್ತು ಧೂಳಿನ ಕಣಗಳು ಹನಿಗಳಿಗೆ ಕೂರಲು ಜಾಗ ಮಾಡಿಕೊಡುತ್ತವೆ. ವೈಸರ್ ಅನ್ನು ಹೆಲ್ಮೆಟ್‌ನಿಂದ ಬಿಡಿಸಿ. ಹುಳುಗಳ ಕಲೆ ಒಣಗಿ ಅಂಟಿದ್ದರೆ ಒದ್ದೆ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಹೊದಿಸಿಡಿ, ಕಲೆ ತಾನೇ ಸಡಿಲವಾಗುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರು, ಒಂದು ಹನಿ ಸೌಮ್ಯ ಸೋಪು, ನಿಮ್ಮದೇ ಬೆರಳ ತುದಿ. ಇಷ್ಟೇ ಸಲಕರಣೆ. ತೊಳೆದ ಮೇಲೆ ಮೈಕ್ರೋಫೈಬರ್ ಬಟ್ಟೆಯನ್ನು ಒತ್ತಿ ನೀರು ಹೀರಿಸಿ, ಉಜ್ಜಬೇಡಿ. ಒಣ ಧೂಳನ್ನು ಅಂಗಿಯ ಚುಂಗಿನಿಂದ ಒರೆಸುವುದೆಂದರೆ ಮರಳುಕಾಗದ ಎಳೆದಂತೆ.

ವೈಸರ್ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್‌ನದು. ಏಟಿಗೆ ಗಟ್ಟಿ, ಗೀರಿಗೆ ಮೆದು. ಪೆಟ್ರೋಲ್, ಥಿನ್ನರ್, ಅಸಿಟೋನ್, ಅಮೋನಿಯ ಇರುವ ಕಿಟಕಿ ಗಾಜಿನ ದ್ರಾವಣ, ಇವು ಅದರ ಮೇಲ್ಲೇಪವನ್ನು ಕೆಡಿಸುತ್ತವೆ, ಕೂದಲೆಳೆಯ ಬಿರುಕುಗಳನ್ನೂ ತರಬಲ್ಲವು. ಟೂತ್‌ಪೇಸ್ಟ್ ಸವರಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ದಯವಿಟ್ಟು ಬೇಡ. ಹಲ್ಲು ಉಜ್ಜಲು ಅದರಲ್ಲಿರುವ ಪುಡಿ ವೈಸರ್ ಅನ್ನೂ ಉಜ್ಜುತ್ತದೆ. ಕಾರ್ಖಾನೆಯಲ್ಲೇ ಒಳಮೈಗೆ ಮಬ್ಬು ತಡೆಯುವ ಲೇಪ ಬಳಿದಿದ್ದರೆ ಇನ್ನೂ ಹಗುರ ಕೈ ಬೇಕು.

ಹಂತ 3: ಸೋಪಿನ ತೆಳುಪದರ

ಸೋಪು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ. ಆಗ ಆವಿ ಹನಿಗಟ್ಟದೆ, ಕಣ್ಣಿಗೆ ಕಾಣದ ಹಾಳೆಯಂತೆ ಹರಡುತ್ತದೆ. ಸ್ಪ್ರೇಗಳೂ ಬಹುಮಟ್ಟಿಗೆ ಮಾಡುವ ಕೆಲಸ ಇದೇ. ಒಣಗಿದ ಒಳಮೈಗೆ ಪಾತ್ರೆ ತೊಳೆಯುವ ದ್ರವ ಅಥವಾ ಮಕ್ಕಳ ಶಾಂಪೂವಿನ ಒಂದೇ ಹನಿ ಹಾಕಿ ಬೆರಳಿನಿಂದ ಸಮನಾಗಿ ಹರಡಿ. ಆರಲು ಬಿಡಿ. ನಂತರ ಒಣ ಬಟ್ಟೆಯಿಂದ ವೈಸರ್ ತಿಳಿಯಾಗುವವರೆಗೆ ಮೆಲ್ಲಗೆ ಒರೆಸಿ. ನೀರಿನಲ್ಲಿ ತೊಳೆಯಬೇಡಿ, ತೊಳೆದರೆ ಪದರವೂ ಹೋಯಿತು.

ಮೊದಲ ಸಲ ಮಾಡುವವರು ಅರ್ಧ ಭಾಗಕ್ಕೆ ಮಾತ್ರ ಹಚ್ಚಿ, ಬಾಯಿ ಹತ್ತಿರ ತಂದು ‘ಹಾ’ ಎಂದು ಉಸಿರು ಬಿಟ್ಟು ನೋಡಿ. ಹಚ್ಚದ ಅರ್ಧ ಬೆಳ್ಳಗಾಗುತ್ತದೆ, ಹಚ್ಚಿದ ಅರ್ಧ ತಿಳಿಯಾಗಿಯೇ ಉಳಿಯುತ್ತದೆ, ನಡುವೆ ಗೆರೆ ಕೊರೆದಂತೆ ಗಡಿ ಕಾಣುತ್ತದೆ. ಹಚ್ಚಿದ ಕಡೆಯೂ ಮಬ್ಬಾದರೆ ಜಿಡ್ಡು ಹೋಗಿಲ್ಲವೆಂದು ಅರ್ಥ, ಎರಡನೆಯ ಹಂತಕ್ಕೆ ಮರಳಿ. ಈ ಪದರ ಬಾಳುವುದು ಸ್ವಲ್ಪ ಕಾಲ ಮಾತ್ರ, ಮಳೆಗಾಲದಲ್ಲಿ ಮತ್ತೆ ಮತ್ತೆ ಹಚ್ಚಬೇಕು. ಹೆಚ್ಚು ಹಚ್ಚಿದರೆ ಹೆಚ್ಚು ಲಾಭವೇನಿಲ್ಲ. ನೀರಿನೊಡನೆ ಇಳಿದು ಕಣ್ಣು ಉರಿಸುತ್ತದೆ. ಸ್ಪ್ರೇ ಕೊಳ್ಳುವುದಾದರೆ ಪಾಲಿಕಾರ್ಬೊನೇಟ್‌ಗೆ ಹೊಂದುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನು ನೋಡಿ ಕೊಳ್ಳಿ.

ಹಂತ 4: ಎರಡನೆಯ ಪದರ

ದಿನವೂ ತೇವದಲ್ಲೇ ಓಡಾಡುವವರಿಗೆ ನಾನು ಒತ್ತಿ ಹೇಳುವುದು ಪಿನ್‌ಲಾಕ್ ಮಾದರಿಯ ಒಳಪದರವನ್ನು. ವೈಸರ್‌ನ ಎರಡು ಅಂಚಿನಲ್ಲಿರುವ ಪಿನ್ನುಗಳ ನಡುವೆ ಇನ್ನೊಂದು ತೆಳುಹಾಳೆ ಕೂರುತ್ತದೆ. ಅದರ ಅಂಚಿನ ಸಿಲಿಕೋನ್ ಪಟ್ಟಿ ವೈಸರ್‌ಗೆ ಒತ್ತಿಕೊಂಡು ನಡುವೆ ಗಾಳಿಯನ್ನು ಬಂಧಿಸುತ್ತದೆ. ಆ ನಿಶ್ಚಲ ಗಾಳಿ ಹೊರಗಿನ ತಂಪು ಒಳಗಿನ ಹಾಳೆಗೆ ತಾಗದಂತೆ ತಡೆಯುತ್ತದೆ. ಹಾಳೆ ತಾನೂ ತುಸು ತೇವ ಹೀರಿಕೊಳ್ಳುತ್ತದೆ. ಸೋಪು, ಸ್ಪ್ರೇಗಳು ಇದರ ಹತ್ತಿರಕ್ಕೂ ಬರಲಾರವು.

ಆದರೆ ಕೂರಿಸುವುದರಲ್ಲಿ ನಾಜೂಕು ಬೇಕು. ವೈಸರ್ ಅನ್ನು ಚಪ್ಪಟೆಯಾಗುವಂತೆ ತುಸು ಬಗ್ಗಿಸಿ, ಹಾಳೆಯ ಒಂದು ತುದಿಯನ್ನು ಒಂದು ಪಿನ್ನಿಗೆ ಸಿಕ್ಕಿಸಿ, ನಂತರ ಇನ್ನೊಂದಕ್ಕೆ ಸಿಕ್ಕಿಸಿ, ವೈಸರ್ ಬಿಡಿ. ಸಿಲಿಕೋನ್ ಪಟ್ಟಿ ಸುತ್ತಲೂ ಒಂದೇ ಸಮನೆ ಒತ್ತಿಕೊಂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಎರಡು ಪದರಗಳ ನಡುವೆಯೇ ಮಬ್ಬು ಕಂಡರೆ ಎಲ್ಲೋ ಸಂದಿ ಇದೆ. ಬಹಳಷ್ಟು ವೈಸರ್‌ಗಳಲ್ಲಿ ಪಿನ್ನನ್ನು ತಿರುಗಿಸಿ ಬಿಗಿ ಮಾಡಬಹುದು. ಸ್ವಲ್ಪ ಸ್ವಲ್ಪವೇ ತಿರುಗಿಸಿ, ವಿಪರೀತ ಬಿಗಿದರೆ ವೈಸರ್‌ನ ಮೇಲೇ ಗುರುತು ಬೀಳುತ್ತದೆ. ಈ ಹಾಳೆಗೆ ಸ್ಪ್ರೇ, ಶಾಂಪೂ ಏನನ್ನೂ ಹಚ್ಚಬಾರದು. ಒದ್ದೆ ಮೆತ್ತನೆಯ ಬಟ್ಟೆಯಲ್ಲಿ ಸವರಿ ಗಾಳಿಗೆ ಆರಲು ಬಿಟ್ಟರೆ ಸಾಕು.

ಹೊರಮೈ, ಅಂಚು, ರಾತ್ರಿ

ಹೊರಮೈಗೆ ಬೇಕಾದುದು ಒಳಮೈಗೆ ಬೇಕಾದುದರ ತದ್ವಿರುದ್ಧ. ಒಳಗೆ ನೀರು ಹರಡಬೇಕು, ಹೊರಗೆ ನೀರು ಮುತ್ತಾಗಿ ಉರುಳಿ ಹೋಗಬೇಕು. ಅದಕ್ಕೆ ನೀರು ಹಿಮ್ಮೆಟ್ಟಿಸುವ ದ್ರಾವಣ ಬೇರೆಯೇ ಇದೆ. ಎರಡನ್ನೂ ಅದಲುಬದಲು ಮಾಡಿದರೆ ಒಳಗೂ ಹೊರಗೂ ಕಾಣದು. ಕಾರಿನ ಗಾಜಿಗಾಗಿ ಮಾಡಿದ ದ್ರಾವಣವನ್ನು ಪ್ಲಾಸ್ಟಿಕ್‌ಗೂ ಆಗುತ್ತದೆಂದು ಖಚಿತವಾದ ಮೇಲಷ್ಟೇ ಬಳಸಿ. ಓಡುವಾಗ ತಲೆಯನ್ನು ಕ್ಷಣಮಾತ್ರ ಓರೆಯಾಗಿಸಿದರೆ ಗಾಳಿಯೇ ಹನಿಗಳನ್ನು ಅಂಚಿಗೆ ತಳ್ಳುತ್ತದೆ.

ನೀರು ಮೇಲಂಚಿನಿಂದ ಒಳಗೆ ಜಿನುಗುತ್ತಿದೆಯೇ? ಕಾಗದದ ಪಟ್ಟಿಯೊಂದನ್ನು ರಬ್ಬರ್ ಅಂಚಿನ ಮೇಲಿಟ್ಟು ವೈಸರ್ ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಜಾರಿ ಬಂದ ಕಡೆ ಸಂದು ಇದೆ. ರಬ್ಬರ್ ಒರೆಸಿ ನೋಡಿ, ವೈಸರ್ ಕೂರುವ ಪಕ್ಕದ ಫಲಕಗಳ ತಿರುಪು ಸಡಿಲಿಸಿ ತುಸು ಹಿಂದಕ್ಕೆ ಸರಿಸಿ ಮತ್ತೆ ಬಿಗಿ ಮಾಡಿ.

ಮನೆಗೆ ಬಂದ ಮೇಲಿನ ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಒದ್ದೆ ಒಳಗವಸು ಮರುದಿನ ಮೈಶಾಖಕ್ಕೆ ಆವಿಯಾಗುತ್ತದೆ. ಆಗ ಉಸಿರಿನ ಜತೆ ಇಡೀ ಹೆಲ್ಮೆಟ್ಟೇ ವೈಸರ್ ಮೇಲೆ ಉಗಿ ಬಿಡುತ್ತದೆ. ಕೆನ್ನೆಯ ಮೆತ್ತೆಗಳನ್ನು ಬಿಡಿಸಿ, ಒಳಗೆ ಹಳೆಯ ಪತ್ರಿಕೆ ತುರುಕಿ, ವೈಸರ್ ತೆರೆದು, ಗಾಳಿಯಾಡುವಲ್ಲಿ ಇಡಿ. ಒಲೆಯ ಪಕ್ಕ, ಹೀಟರ್ ಮುಂದೆ ಬೇಡ, ಶಾಖಕ್ಕೆ ಒಳಗಿನ ಫೋಮ್ ಹಾಳಾಗುತ್ತದೆ. ಒದ್ದೆ ತಲೆಗೂದಲಿನ ಮೇಲೆ ಹೆಲ್ಮೆಟ್ ಹಾಕುವುದೂ ಇದೇ ತಪ್ಪು.

ಕನ್ನಡಕದವರಿಗೆ ತೊಂದರೆ ಇಮ್ಮಡಿ. ಅವರಿಗೆ ಉಸಿರು ತಡೆ ಮತ್ತು ತೆರೆದ ಗದ್ದದ ಕಿಂಡಿ ಎರಡೂ ಕಡ್ಡಾಯವೆಂದೇ ತಿಳಿಯಿರಿ. ಕನ್ನಡಕದ ಗಾಜಿಗೆ ಲೇಪವಿದ್ದರೆ ಕನ್ನಡಕಕ್ಕೆಂದೇ ಇರುವ ದ್ರವವನ್ನು ಎರಡೂ ಬದಿಗೆ ಹಚ್ಚಿ.

ಇಷ್ಟೆಲ್ಲ ಮಾಡಿದ ಮೇಲೂ ರಾತ್ರಿ ಎದುರು ವಾಹನದ ಹೆಡ್‌ಲೈಟ್ ಸುತ್ತ ಕಡ್ಡಿಕಡ್ಡಿಯಾಗಿ ಬೆಳಕು ಚೆಲ್ಲಿದರೆ ಅದು ಮಬ್ಬಲ್ಲ, ಗೀರು. ಗೀರಿಗೆ ಮದ್ದಿಲ್ಲ, ಹೊಸ ವೈಸರ್ ಹಾಕಿಸಿ. ಕಪ್ಪು ಛಾಯೆಯದು ಬೇಡ, ಬಣ್ಣವಿಲ್ಲದ್ದೇ ಇರಲಿ. ಕೊಳ್ಳುವಾಗ ಒಳಪದರ ಕೂರಿಸುವ ಪಿನ್ನುಗಳು ಇರುವುದನ್ನೇ ಕೇಳಿ ತೆಗೆದುಕೊಳ್ಳಿ.