ವಿಡಿಯೋ ಮೆಮೊರಿ ಸಾಲದು ಅನ್ನುತ್ತದೆ ಗೇಮ್, ಕೈಕೊಟ್ಟಿರುವುದು ಪ್ರೊಸೆಸರ್

ಹೊಸ ಗೇಮ್ ತೆರೆದಿದ್ದೀರಿ. ಶೇಡರ್ (ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಂಗಳು) ಕಂಪೈಲ್ ಆಗುವ ಪಟ್ಟಿ ಅರ್ಧ ತುಂಬುತ್ತದೆ, ಅಷ್ಟರಲ್ಲಿ ಗೇಮ್ ಮಾಯ. ಎದುರಿಗೆ ಒಂದು ಪುಟ್ಟ ಕಿಟಕಿ: ‘ಔಟ್ ಆಫ್ ವಿಡಿಯೋ ಮೆಮೊರಿ ಟ್ರೈಯಿಂಗ್ ಟು ಅಲೊಕೇಟ್ ಎ ರೆಂಡರಿಂಗ್ ರಿಸೋರ್ಸ್’. ಕಾರ್ಡಿನಲ್ಲಿ 16 ಜಿಬಿ ಇದೆ, ಗೇಮ್ ಇನ್ನೂ ಮೆನು ಕೂಡ ತೋರಿಸಿಲ್ಲ. ಮೆಮೊರಿ ಖಾಲಿಯಾಗಿದ್ದಾದರೂ ಹೇಗೆ?

ನಾನು ಶಿವಮೊಗ್ಗದಲ್ಲಿ ಪಿಸಿ ಜೋಡಿಸಿಕೊಡುವ, ರಿಪೇರಿ ಮಾಡುವ ಕೆಲಸದಲ್ಲಿದ್ದೇನೆ. ಈ ಕಿಟಕಿಯ ಫೋಟೊ ವಾಟ್ಸಾಪ್‌ನಲ್ಲಿ ಬಂದರೆ ಕೆಳಗಿನ ಸಾಲು ನನಗೆ ಬಾಯಿಪಾಠ: ‘ಅಣ್ಣಾ, ಗ್ರಾಫಿಕ್ಸ್ ಕಾರ್ಡ್ ಹೋಯ್ತು ಅನ್ಸತ್ತೆ.’ ನಾನು ಬರೆಯುವುದೂ ಅಷ್ಟೇ: ‘ಕಾರ್ಡ್ ಮುಟ್ಟಬೇಡ ಮಾರಾಯ. ಪ್ರೊಸೆಸರ್ ಯಾವುದು ಹೇಳು.’

ಉತ್ತರ ಇಂಟೆಲ್‌ನ 13 ಅಥವಾ 14ನೇ ತಲೆಮಾರಿನ ಡೆಸ್ಕ್‌ಟಾಪ್ ಐ7, ಐ9 ಆಗಿದ್ದರೆ, ಇಲ್ಲವೇ 13600ಕೆ, 14600ಕೆ ಆಗಿದ್ದರೆ, ಈ ಬರಹ ನಿಮಗೇ. ಹೆಸರಿನ ಕೊನೆಯಲ್ಲಿ ‘ಕೆ’ ಇಲ್ಲದ 13700, 13900ಗಳೂ ಲೆಕ್ಕಕ್ಕಿವೆ. 12ನೇ ತಲೆಮಾರಿಗೆ ಈ ಕಾಯಿಲೆ ಇಲ್ಲ. ಲ್ಯಾಪ್‌ಟಾಪ್ ಚಿಪ್‌ಗಳಿಗೂ ಇಲ್ಲ ಎಂದು ಇಂಟೆಲ್ ಹೇಳಿದೆ.

ಏನಾಗಿದೆ ಅಂದರೆ, ಈ ಚಿಪ್‌ಗಳು ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುತ್ತಿದ್ದವು. ಕೇಳುವ ಲೆಕ್ಕ ಮೈಕ್ರೋಕೋಡ್‌ನಲ್ಲೇ (ಚಿಪ್ ನಡೆಸುವ ಒಳಗಿನ ಆದೇಶಗಳಲ್ಲೇ) ತಪ್ಪಿತ್ತು ಎಂದು 2024ರ ಜುಲೈನಲ್ಲಿ ಇಂಟೆಲ್ ಒಪ್ಪಿಕೊಂಡಿತು. ವೋಲ್ಟೇಜು, ಬಿಸಿ ಎರಡೂ ಸೇರಿ ಕೋರ್ ಒಳಗಿನ ಕ್ಲಾಕ್ ಸರ್ಕ್ಯೂಟನ್ನು ಬೇಗ ಮುಪ್ಪಾಗಿಸುತ್ತವೆ. ಆಮೇಲೆ ಮೊದಲಿನ ವೇಗಕ್ಕೆ ಮೊದಲಿನ ವೋಲ್ಟೇಜ್ ಸಾಲುವುದಿಲ್ಲ. ವಯಸ್ಸಾದವರು ಮೆಟ್ಟಿಲು ಹತ್ತಿದ ಹಾಗೆ: ನಿಧಾನಕ್ಕೆ ಹತ್ತಿದರೆ ಏನೂ ತೊಂದರೆಯಿಲ್ಲ, ಓಡಿದರೆ ಎಡವುತ್ತಾರೆ. ಅದಕ್ಕೇ ಎಲ್ಲ ಕೋರ್‌ಗಳನ್ನೂ ಒಟ್ಟಿಗೆ ದುಡಿಸುವ ಭಾರಿ ಪರೀಕ್ಷೆಯಲ್ಲಿ ಎಷ್ಟೋ ಚಿಪ್‌ಗಳು ಪಾಸಾಗುತ್ತವೆ. ಅಲ್ಲಿ ವೇಗ ತಾನಾಗಿಯೇ ಇಳಿದಿರುತ್ತದೆ. ಎಡವುವುದು ವೇಗ ಮೇಲೇರಿದಾಗ. ಶೇಡರ್ ಕಂಪೈಲ್, ಗೇಮ್ ಫೈಲುಗಳನ್ನು ಬಿಚ್ಚುವುದು ಅಂಥ ಕೆಲಸಗಳೇ. ಅಲ್ಲಿ ಒಂದು ಬಿಟ್ ತಪ್ಪಿದರೂ ಲೆಕ್ಕ ಕೆಡುತ್ತದೆ. ಕೆಟ್ಟದ್ದು ಎಲ್ಲಿ ಎಂದು ಗೇಮ್‌ಗೆ ಗೊತ್ತಾಗುವುದಿಲ್ಲ, ಪಾಪ, ವಿಡಿಯೋ ಮೆಮೊರಿಯ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತದೆ.

ಹಾಗಾಗಿ ಗ್ರಾಫಿಕ್ಸ್ ಕಾರ್ಡಿಗೆ ಸಂಬಂಧವೇ ಇಲ್ಲದ ಕೆಲಸ ಕೊಟ್ಟು ನೋಡಬೇಕು. ನನ್ನ ಮೊದಲ ಪರೀಕ್ಷೆಗೆ ಬೇಕಾದ್ದು ಫೈಲುಗಳನ್ನು ಕಂಪ್ರೆಸ್ ಮಾಡುವ ಸೆವೆನ್-ಜಿಪ್ ತಂತ್ರಾಂಶ ಮಾತ್ರ. ಹತ್ತಿಪ್ಪತ್ತು ಜಿಬಿಯ ಒಂದು ಗೇಮ್ ಫೋಲ್ಡರನ್ನು ಅದರಲ್ಲಿ ಕಂಪ್ರೆಸ್ ಮಾಡಿ ಒಂದು ಫೈಲ್ ಮಾಡಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಟೆಸ್ಟ್ ಆರ್ಕೈವ್’ ಒತ್ತಿ. ಮುಗಿದ ಮೇಲೆ ಮತ್ತೆ ಒತ್ತಿ, ಮತ್ತೆ ಒತ್ತಿ. ಎಲ್ಲ ಸಲವೂ ‘ಎರರ್ ಇಲ್ಲ’ ಎಂದೇ ಬರಬೇಕು. ಎಲ್ಲ ಸಲವೂ ಒಂದೇ ಜಾಗದಲ್ಲಿ ‘ಸಿಆರ್‌ಸಿ ಫೇಲ್ಡ್’ ಬಂದರೆ ಫೈಲೇ ಹಾಳಾಗಿದೆ ಎಂದರ್ಥ. ಅದು ಕಂಪ್ರೆಸ್ ಮಾಡುವಾಗಲೇ ಹಾಳಾಗಿರಬಹುದು, ಇನ್ನೊಂದು ಫೈಲ್ ಮಾಡಿ ನೋಡಿ. ಆದರೆ ಒಮ್ಮೆ ಫೇಲು, ಮರುಕ್ಷಣ ಪಾಸು, ಮತ್ತೊಮ್ಮೆ ಬೇರೆ ಹೆಸರಿನ ಫೈಲಿಗೆ ಫೇಲು ಎಂದು ಬರುತ್ತಿದೆಯಾ? ಫೈಲು ಸರಿಯಿದೆ, ಓದಿ ಲೆಕ್ಕ ಹಾಕುವವನ ತಲೆ ತಿರುಗುತ್ತಿದೆ. ಆ ‘ಅವನು’ ಪ್ರೊಸೆಸರ್ ಇರಬಹುದು, ರ್‍ಯಾಮ್ ಇರಬಹುದು. ಎನ್ವಿಡಿಯಾ ಡ್ರೈವರ್ ಇನ್‌ಸ್ಟಾಲರ್ ಬಿಚ್ಚಿಕೊಳ್ಳುವಾಗಲೇ ನಿಂತುಬಿಡುವುದೂ ಇದೇ ಜಾತಿಯ ಲಕ್ಷಣ.

ನೋಡಬೇಕಾದ ಇನ್ನೊಂದು ಜಾಗ, ತಪ್ಪುಗಳ ದಾಖಲೆ (ಲಾಗ್) ತೋರಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್. ‘ವಿಂಡೋಸ್ ಲಾಗ್ಸ್’ ಒಳಗೆ ‘ಸಿಸ್ಟಮ್’ ತೆರೆಯಿರಿ, ‘ಡಬ್ಲ್ಯುಎಚ್‌ಇಎ-ಲಾಗರ್’ ಎಂಬ ಮೂಲ ಹುಡುಕಿ. ಈವೆಂಟ್ 19 ಅಂದರೆ ತಪ್ಪಾಯಿತು, ಸರಿಪಡಿಸಿಕೊಂಡಿತು. 18 ಅಂದರೆ ಸರಿಪಡಿಸಲು ಆಗಲಿಲ್ಲ. ವಿವರದಲ್ಲಿ ‘ಇಂಟರ್ನಲ್ ಪ್ಯಾರಿಟಿ ಎರರ್’ ಎಂದಿದ್ದು, ‘ಪ್ರೊಸೆಸರ್ ಎಪಿಐಸಿ ಐಡಿ’ ಮುಂದೆ ಪದೇ ಪದೇ ಒಂದೇ ಸಂಖ್ಯೆ ಬಂದರೆ, ಒಂದೇ ಕೋರ್ ಕೈಕೊಡುತ್ತಿದೆ. ಸ್ಕ್ರೀನ್‌ಶಾಟ್ ತೆಗೆದಿಡಿ, ವಾರಂಟಿಗೆ ಬೇಕಾಗುತ್ತದೆ. ಲಾಗ್‌ನಲ್ಲಿ ಏನೂ ಇಲ್ಲ ಎಂದ ಮಾತ್ರಕ್ಕೆ ಪ್ರೊಸೆಸರ್ ಸರಿಯಿದೆ ಎಂದು ಅಂದುಕೊಳ್ಳಬೇಡಿ. ಎಷ್ಟೋ ತಪ್ಪುಗಳು ಸದ್ದಿಲ್ಲದೆ ದಾಟಿಹೋಗುತ್ತವೆ.

ಈಗ ರ್‍ಯಾಮ್. ಇದನ್ನು ಹಾರಿಸಬೇಡಿ. ಒಬ್ಬ ಕಾಲೇಜು ಹುಡುಗ ‘ಪ್ರೊಸೆಸರ್ ಬದಲಿಸಿ ಕೊಡಿ’ ಎಂದೇ ಪಿಸಿ ತಂದಿದ್ದ. ಒಳಗೆ ನೋಡಿದರೆ ಎರಡು ಬೇರೆ ಬೇರೆ ಜೋಡಿಯ ನಾಲ್ಕು ರ್‍ಯಾಮ್ ಕಡ್ಡಿಗಳು, ಮೇಲೆ ಅವನ್ನು ಹೆಚ್ಚು ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಬೇರೆ ಆನ್. ಒಂದು ಜೋಡಿ ತೆಗೆದೆ, ಕ್ರ್ಯಾಶ್ ನಿಂತಿತು. ‘ಅಷ್ಟೇನಾ ಅಣ್ಣಾ?’ ಅಂದ. ಅಷ್ಟೇ. ಆದ್ದರಿಂದ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಒಳ ಸೆಟ್ಟಿಂಗ್‌ಗಳಲ್ಲಿ) ಎಕ್ಸ್‌ಎಂಪಿ ಆಫ್ ಮಾಡಿ, ರಾತ್ರಿ ಮಲಗುವಾಗ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿಡಿ. ಬೆಳಿಗ್ಗೆ ಒಂದೇ ಒಂದು ಎರರ್ ಇದ್ದರೂ ಮೊದಲು ರ್‍ಯಾಮ್ ಸರಿಮಾಡಿಕೊಳ್ಳಿ.

ರ್‍ಯಾಮ್ ಪಾಸಾಯಿತು, ಜಿಪ್ ಇನ್ನೂ ಫೇಲಾಗುತ್ತಿದೆ. ಆಗ ಬಯೋಸ್ ಅಪ್‌ಡೇಟ್. ತಿದ್ದಿದ ಮೈಕ್ರೋಕೋಡ್ ಬರುವುದು ಅದರ ಜೊತೆಗೇ. ನಿಮ್ಮ ಮದರ್‌ಬೋರ್ಡಿನ ಪೂರ್ತಿ ಹೆಸರು, ರಿವಿಜನ್ ಸಮೇತ ನೋಡಿ, ತಯಾರಕರ ಸೈಟಿನಿಂದಲೇ ಫೈಲ್ ತನ್ನಿ. ಪೆನ್‌ಡ್ರೈವ್ ಫ್ಯಾಟ್32ನಲ್ಲಿ ಫಾರ್ಮ್ಯಾಟ್ ಆಗಿರಲಿ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಆನ್ ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಅಪ್‌ಡೇಟ್ ಆದ ಮೇಲೆ ವಿಂಡೋಸ್ ಅದನ್ನು ಕೇಳಿ ಕೂತುಬಿಟ್ಟರೆ ಪೇಚಾಟ. ಇನ್ನು ಕರೆಂಟ್. ಮಲೆನಾಡಿನ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ನಾನಂತೂ ಬಯೋಸ್ ಮುಟ್ಟುವುದಿಲ್ಲ.

ಮೈಕ್ರೋಕೋಡ್ ಯಾವುದಿದೆ ಎಂದು ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶ ತೋರಿಸುತ್ತದೆ. 2024ರ ಆಗಸ್ಟಿನಲ್ಲಿ ಬಂದದ್ದು 0ಎಕ್ಸ್129, ಅದು 1.55 ವೋಲ್ಟ್ ದಾಟಿ ಕೇಳದಂತೆ ತಡೆ ಹಾಕಿತು. ಸೆಪ್ಟೆಂಬರಿನ 0ಎಕ್ಸ್12ಬಿ, ಸುಮ್ನೆ ಕೂತಾಗ ಮತ್ತು ಸಣ್ಣಪುಟ್ಟ ಕೆಲಸದಲ್ಲಿ ಜಾಸ್ತಿ ವೋಲ್ಟೇಜ್ ಕೇಳುವುದನ್ನು ನಿಲ್ಲಿಸಿತು. 2025ರ ಮೇ ತಿಂಗಳ 0ಎಕ್ಸ್12ಎಫ್, ದಿನಗಟ್ಟಲೆ ಆಫ್ ಮಾಡದೆ ಹಗುರ ಕೆಲಸಕ್ಕೆ ಇಟ್ಟ ಯಂತ್ರಗಳಿಗಾಗಿ ಬಂತು. ಕನಿಷ್ಠ 0ಎಕ್ಸ್12ಬಿ ಆದರೂ ಇರಲೇಬೇಕು.

ಅಪ್‌ಡೇಟ್ ಆದ ಮೇಲೆ ಬಯೋಸ್‌ನಲ್ಲಿ ‘ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್’ ಆರಿಸಿ. ಹಲವು ಬೋರ್ಡುಗಳು ಮೊದಲು ಪವರ್ ಮಿತಿಯನ್ನೇ ಎತ್ತಿ 4096 ವ್ಯಾಟ್ ಎಂದು ಬರೆದುಕೊಂಡಿರುತ್ತಿದ್ದವು. 13900ಕೆಗೆ ಇಂಟೆಲ್ ಹೇಳಿದ ಗರಿಷ್ಠ 253 ವ್ಯಾಟ್. ನಾಲ್ಕು ಸಾವಿರ ವ್ಯಾಟಿಗೆ ಗೀಸರ್ ಹಾಕಬಹುದು, ಅಲ್ವಾ?

ಒಂದು ಮಾತು ಮಾತ್ರ ಮರೆಯಬೇಡಿ. ಈ ಅಪ್‌ಡೇಟ್‌ಗಳು ಮುಂದಿನ ಸವೆತವನ್ನು ತಡೆಯುತ್ತವೆ, ಆಗಿಹೋದ ಸವೆತವನ್ನು ತುಂಬಿಕೊಡುವುದಿಲ್ಲ. ಇಷ್ಟಾದ ಮೇಲೂ ಗೇಮ್ ಬೀಳುತ್ತಿದ್ದರೆ ಚಿಪ್ ಕೆಟ್ಟಿದೆಯೇ ಎಂದು ತಿಳಿಯಲು ಒಂದು ಉಪಾಯವಿದೆ. ಇಂಟೆಲ್‌ನ ಎಕ್ಸ್‌ಟಿಯು ತಂತ್ರಾಂಶದಲ್ಲಿ ಅಥವಾ ಬಯೋಸ್‌ನಲ್ಲಿ ಪರ್ಫಾರ್ಮೆನ್ಸ್ ಕೋರ್‌ಗಳ (ವೇಗದ ಕೋರ್‌ಗಳ) ರೇಶಿಯೋ, ಅಂದರೆ ವೇಗ ಗೊತ್ತುಮಾಡುವ ಸಂಖ್ಯೆ, ಇಳಿಸಿ. 13900ಕೆಯಲ್ಲಿ 55 ಇದ್ದರೆ 53 ಮಾಡಿ. ವೋಲ್ಟೇಜ್ ಮುಟ್ಟಬೇಡಿ. ಇಷ್ಟಕ್ಕೇ ಶೇಡರ್ ಪಟ್ಟಿ ಕೊನೆ ಮುಟ್ಟಿದರೆ, ಜಿಪ್ ಪದೇ ಪದೇ ಪಾಸಾದರೆ, ಪ್ರೊಸೆಸರ್ ಹಳಿ ತಪ್ಪಿದೆ.

ಇಲ್ಲಿ ಬಹಳ ಜನ ನಿಂತುಬಿಡುತ್ತಾರೆ. ‘53ರಲ್ಲಿ ಓಡ್ತಾ ಇದೆಯಲ್ಲ, ಸಾಕು ಬಿಡಿ.’ ಸಾಕಲ್ಲ. ರೇಶಿಯೋ ಇಳಿಸುವುದು ರೋಗ ಪತ್ತೆಗೆ, ಔಷಧಿ ಅಲ್ಲ. ಇವತ್ತು 53, ಮುಂದಿನ ಬೇಸಿಗೆಗೆ 51. ಬೇಸಿಗೆ ಎಂದು ಸುಮ್ನೆ ಹೇಳುತ್ತಿಲ್ಲ. 2025ರ ಜುಲೈನಲ್ಲಿ ಯುರೋಪಿನಲ್ಲಿ ಬಿಸಿಗಾಳಿ ಬೀಸಿದಾಗ ಇದೇ ಚಿಪ್‌ಗಳ ಪಿಸಿಗಳಿಂದ ಫೈರ್‌ಫಾಕ್ಸ್ ಕ್ರ್ಯಾಶ್ ವರದಿಗಳು ಏರಿದ್ದನ್ನು ಮೊಜಿಲ್ಲಾದ ಎಂಜಿನಿಯರ್ ಒಬ್ಬರು ಗಮನಿಸಿ ಹೇಳಿದ್ದರು. ಬಳ್ಳಾರಿ, ಕಲಬುರಗಿಯವರು ಏಪ್ರಿಲ್ ಮಧ್ಯಾಹ್ನ ಪರೀಕ್ಷೆ ಮಾಡಿ ನೋಡುವುದೇ ಒಳ್ಳೆಯದು.

ಈ ಚಿಪ್‌ಗಳ ವಾರಂಟಿಯನ್ನು ಇಂಟೆಲ್ 2 ವರ್ಷ ಹೆಚ್ಚಿಸಿದೆ, ಒಟ್ಟು 5 ವರ್ಷ, ಕೊಂಡ ದಿನದಿಂದ. ಡಬ್ಬಿಯಲ್ಲಿ ಬಂದ ಚಿಪ್ ಆದರೆ ನೇರ ಇಂಟೆಲ್‌ಗೇ ದೂರು ಕೊಡಬಹುದು. ಡಬ್ಬಿ ಇಲ್ಲದ ಟ್ರೇ ಚಿಪ್ ಆದರೆ ಮಾರಿದವರ ಬಳಿ, ಜೋಡಿಸಿದ್ದೇ ಸಿಕ್ಕ ಪಿಸಿ ಆದರೆ ಅದನ್ನು ಮಾಡಿದ ಕಂಪನಿಯ ಬಳಿ ಹೋಗಬೇಕು. ಬೆಂಗಳೂರಿನ ಎಸ್‌.ಪಿ. ರೋಡಿನಿಂದ ತಂದಿರಲಿ, ಆನ್‌ಲೈನ್‌ನಲ್ಲಿ ತರಿಸಿರಲಿ, ಜಿಎಸ್‌ಟಿ ಬಿಲ್ ಬೇಕೇ ಬೇಕು. ಎಫ್‌ಪಿಒ (ಬ್ಯಾಚ್), ಎಟಿಪಿಒ (ಸೀರಿಯಲ್) ಎಂಬ ಎರಡು ನಂಬರ್ ಕೇಳುತ್ತಾರೆ. ಡಬ್ಬಿಯ ಲೇಬಲ್ ಮೇಲೆ ಎರಡೂ ಇರುತ್ತವೆ. ಡಬ್ಬಿ ರದ್ದಿಗೆ ಹೋಗಿದ್ದರೆ ಕೂಲರ್ ಬಿಚ್ಚಿ, ಪೇಸ್ಟ್ ಒರೆಸಿ, ಚಿಪ್ ಮೇಲೆಯೇ ಹುಡುಕಬೇಕು. ಅದಕ್ಕೇ ನಾನು ಹೊಸ ಪಿಸಿ ಜೋಡಿಸುವಾಗ ಪೇಸ್ಟ್ ಹಚ್ಚುವ ಮೊದಲು ಚಿಪ್‌ನ ಫೋಟೊ ತೆಗೆದು ಮಾಲೀಕರಿಗೆ ಕಳಿಸಿಬಿಡುತ್ತೇನೆ.

ದೂರಿನಲ್ಲಿ ಕಥೆ ಬರೆಯಬೇಡಿ. ಬಯೋಸ್ ವರ್ಷನ್, ಮೈಕ್ರೋಕೋಡ್, ಡೀಫಾಲ್ಟ್ ಸೆಟ್ಟಿಂಗ್‌ನಲ್ಲೂ ಬೀಳುತ್ತದೆ ಎಂಬ ಮಾತು, ರ್‍ಯಾಮ್ ಪಾಸಾದ ಫಲಿತಾಂಶ, ರೇಶಿಯೋ ಇಳಿಸಿದರೆ ನಿಲ್ಲುತ್ತದೆ ಎಂಬ ಮಾತು. ಸಾಲದ್ದಕ್ಕೆ ಸ್ಕ್ರೀನ್‌ಶಾಟ್.

ಎಎಂಡಿಯವರಿಗೂ ಒಂದು ಸಾಲು. ರೈಜೆನ್‌ನಲ್ಲಿ ಇದೇ ಲಕ್ಷಣ ಕಂಡು, ಲಾಗ್‌ನಲ್ಲಿ ‘ಕ್ಯಾಶ್ ಹೈರಾರ್ಕಿ ಎರರ್’ ಇದ್ದರೆ, ಮೊದಲು ಕರ್ವ್ ಆಪ್ಟಿಮೈಜರ್ (ಕೋರ್‌ಗಳ ವೋಲ್ಟೇಜ್ ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) ನೋಡಿ. ಯಾರದೋ ವಿಡಿಯೋ ನೋಡಿ ಎಲ್ಲ ಕೋರ್‌ಗೂ ಮೈನಸ್ 30 ಹಾಕಿರುತ್ತೀರಿ. ಸೊನ್ನೆಗೆ ತನ್ನಿ. ಯಾವ ಕೋರ್ ತಡೆಯುತ್ತಿಲ್ಲ ಎಂದು ಒಂದೊಂದಾಗಿ ನೋಡಲು ಕೋರ್‌ಸೈಕ್ಲರ್ ಎಂಬ ಉಚಿತ ಸಾಧನವಿದೆ.

ಬದಲಿ ಚಿಪ್ ಬಂದ ಮೇಲೆ, ಬಯೋಸ್‌ನಲ್ಲಿ ಹಿಂದೆ ಸೇವ್ ಮಾಡಿಟ್ಟ ಪ್ರೊಫೈಲ್ ಲೋಡ್ ಮಾಡಬೇಡಿ. ಆ ಹಳೇ ಪವರ್ ಮಿತಿಗಳು ಅದರೊಳಗೇ ಕೂತಿರುತ್ತವೆ. ಡೀಫಾಲ್ಟ್‌ನಲ್ಲೇ ಒಂದು ವಾರ ಆಡಿ, ಎಕ್ಸ್‌ಎಂಪಿ ಆನ್ ಮಾಡುವುದು ಅದಾದ ಮೇಲೆ.