ವೈಟ್ ರಿಮ್ ಹಾದಿಯಲ್ಲಿ ನಾವಿಬ್ಬರು: ಸ್ಟೇರಿಂಗ್ ನನ್ನದು, ಕೈಸನ್ನೆ ಅವರದು

ಅಮೆರಿಕದ ಯೂಟಾ ರಾಜ್ಯದ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಬರುವವರಲ್ಲಿ ಹೆಚ್ಚಿನವರು ಮೇಲ್ಗಡೆ ಟಾರು ರಸ್ತೆಯಲ್ಲೇ ಸುತ್ತಿ, ಅಂಚಿನಲ್ಲಿ ನಿಂತು ಫೋಟೋ ತೆಗೆದು ವಾಪಸ್ ಹೋಗುತ್ತಾರೆ. ಅಲ್ಲಿಂದ ಬಗ್ಗಿ ನೋಡಿದರೆ ಸಾವಿರ ಅಡಿಗೂ ಹೆಚ್ಚು ಕೆಳಗೆ, ಬಿಳಿ ಬಂಡೆಯ ಅಂಚು ಹಿಡಿದು ಹೋಗುವ ಒಂದು ಮಣ್ಣು ದಾರಿ ಕಾಣುತ್ತದೆ. ಅದೇ ವೈಟ್ ರಿಮ್ ರಸ್ತೆ. ಪೂರ್ತಿ ಸುತ್ತು ಬಂದರೆ ಸುಮಾರು 160 ಕಿಲೋಮೀಟರ್. 1950ರ ದಶಕದಲ್ಲಿ ಯುರೇನಿಯಂ ಹುಡುಕುವವರಿಗೋಸ್ಕರ ಮಾಡಿದ ದಾರಿ ಅದು. ಯುರೇನಿಯಂ ಅಷ್ಟೇನೂ ಸಿಗಲಿಲ್ಲ, ದಾರಿ ಮಾತ್ರ ಉಳಿಯಿತು.

ಮಕ್ಕಳು ಕಾಲೇಜು ಸೇರಿ ಮನೆ ಖಾಲಿ ಆದಮೇಲೆ ನಾವಿಬ್ಬರೇ ಹೊರಟಿದ್ದು ಅಲ್ಲಿಗೆ. ಡ್ರೈವಿಂಗ್ ನಾನು. ಇಳಿದು ದಾರಿ ತೋರಿಸೋದು ನಮ್ಮನೆಯವರು. ಕೇಳಿದವರೆಲ್ಲ "ಹಾಗಾದ್ರೆ ಅವರು ಓಡಿಸಲ್ವಾ?" ಅನ್ನುತ್ತಾರೆ. ಓಡಿಸುತ್ತಾರೆ, ಚೆನ್ನಾಗೇ ಓಡಿಸುತ್ತಾರೆ. ಆದರೆ ಕೆಳಗೆ ನಿಂತು ಕಲ್ಲು ನೋಡಿ ಚಕ್ರ ಎಲ್ಲಿ ಕೂರಬೇಕು ಅಂತ ಹೇಳುವುದರಲ್ಲಿ ಅವರ ಕಣ್ಣು ನನ್ನದಕ್ಕಿಂತ ಚುರುಕು. ನನಗೆ ಪೆಡಲ್ ಮೇಲೆ ಕಾಲು ನಿಲ್ಲುತ್ತದೆ. ಕೆಲಸ ಹಂಚಿಕೊಂಡಿದ್ದು ಹಾಗೆ.

ಹೋಗಬೇಕು ಅನ್ನುವವರು ಮೊದಲು ಮಾಡಬೇಕಾದ್ದು ಪರ್ಮಿಟ್. ಒಂದೇ ದಿನದಲ್ಲಿ ಹೋಗಿ ಬಂದರೂ ಬೇಕು, ರಾತ್ರಿ ಉಳಿದರೂ ಬೇಕು. ವಸಂತದಲ್ಲಿ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕ್ಯಾಂಪ್ ಜಾಗ ಸಿಗುವುದು ಕಷ್ಟ. ತಿಂಗಳುಗಳ ಮುಂಚೆಯೇ ಆನ್‌ಲೈನ್‌ನಲ್ಲಿ ಹಿಡಿಯಬೇಕು. ಬೇಸಿಗೆಯಲ್ಲಿ ಜಾಗ ಸಿಗಬಹುದು, ಆದರೆ 38 ಡಿಗ್ರಿ ದಾಟುವ ಬಿಸಿಲಿನಲ್ಲಿ, ಮರದ ನೆರಳೇ ಇಲ್ಲದ ಕಡೆ ಯಾಕೆ ಸುಮ್ನೆ ಒದ್ದಾಡೋದು?

ಆಮೇಲೆ ಗಾಡಿ. ಊರಿನ ಏರ್‌ಪೋರ್ಟಿನಲ್ಲಿ ಬಾಡಿಗೆಗೆ ಸಿಗುವ ಕಾರಿನ ಕರಾರಿನಲ್ಲಿ ಸಾಮಾನ್ಯವಾಗಿ ಟಾರು ರಸ್ತೆ ಬಿಡುವ ಹಾಗಿಲ್ಲ ಅಂತ ಇರುತ್ತದೆ. ಅದಕ್ಕೇ ನಾವು ಜೀಪ್ ತಗೊಂಡಿದ್ದು ಮೋಯಾಬ್ ಪಟ್ಟಣದಲ್ಲಿ. ಇಂಥ ಹಾದಿಗಳಿಗೆಂದೇ ಗಾಡಿ ಕೊಡುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಜೀಪ್ ರ‍್ಯಾಂಗ್ಲರ್, ಅದರಲ್ಲೂ ರೂಬಿಕಾನ್ ಮಾಡೆಲ್. ನೆಲದಿಂದ ಎತ್ತರ ಚೆನ್ನಾಗಿದೆ, ಫೋರ್ ವೀಲ್ ಲೋ ಗೇರ್ ಇದೆ, ಅಂದರೆ ನಿಧಾನವಾಗಿ ಹೋಗುತ್ತಾ ನಾಲ್ಕೂ ಚಕ್ರಕ್ಕೆ ಹೆಚ್ಚು ಎಳೆತ ಕೊಡುವ ಗೇರು. ಈ ಲೋ ಗೇರ್ ಇಲ್ಲದ ಗಾಡಿಯನ್ನು ವೈಟ್ ರಿಮ್‌ಗೆ ಬಿಡುವುದೇ ಇಲ್ಲ. ಫೋರ್ ವೀಲ್ ಡ್ರೈವ್ ಅಂತ ಹಿಂದೆ ಬರೆದಿದ್ದರೆ ಸಾಲದು, ಕೇಳಿ ನೋಡಿ ತಗೊಳ್ಳಿ.

ಸಾಮಾನಿನ ವಿಷಯಕ್ಕೆ ಬಂದರೆ, ದಾರಿಯಲ್ಲಿ ಎಲ್ಲೂ ಕುಡಿಯುವ ನೀರಿಲ್ಲ, ಪೆಟ್ರೋಲ್ ಇಲ್ಲ, ಫೋನಿಗೆ ಸಿಗ್ನಲ್ ನಂಬುವ ಹಾಗಿಲ್ಲ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು ಅಂತ ಲೆಕ್ಕ, ಅದರ ಮೇಲೆ ಇನ್ನೊಂದು ದಿನದ್ದು. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಚಿಕ್ಕ ಯಂತ್ರ ಒಂದು. ಅಲ್ಲಿಂದ ಕೆಟ್ಟ ಗಾಡಿ ಎಳೆಸಿಕೊಂಡು ಬರಲು ಸಾವಿರ ಡಾಲರ್‌ಗಿಂತ ಹೆಚ್ಚೇ ಆಗುತ್ತದೆ ಅಂತ ಉದ್ಯಾನದವರೇ ಎಚ್ಚರಿಸುತ್ತಾರೆ. ಸೌದೆ ಬೆಂಕಿ ಹಾಕುವಂತಿಲ್ಲ, ಅದಕ್ಕೆ ಗ್ಯಾಸ್ ಸ್ಟೋವ್. ಊಟಕ್ಕೆ ನಾನು ಜಾಸ್ತಿ ನೆಚ್ಚಿಕೊಂಡಿದ್ದು ಗೊಜ್ಜವಲಕ್ಕಿಯನ್ನು. ಮನೆಯಲ್ಲೇ ಅವಲಕ್ಕಿ ತರಿ ಮಾಡಿ, ಹುಳಿ, ಬೆಲ್ಲ, ಸಾರಿನಪುಡಿ ಬೇರೆ ಕಟ್ಟಿ, ಒಗ್ಗರಣೆ ಚಿಕ್ಕ ಬಾಟಲಿಗೆ ಹಾಕಿಟ್ಟಿದ್ದೆ. ನೀರಲ್ಲಿ ನೆನೆಸಿ ಕಲಸಿದರೆ ಆಯ್ತು, ತೊಳೆಯೋಕೆ ಪಾತ್ರೆಯೂ ಕಮ್ಮಿ. ಕುಲುಕಾಟಕ್ಕೆ ಡಬ್ಬಿಗಳ ಮುಚ್ಚಳ ತಾನಾಗಿ ಬಿಚ್ಚಿಕೊಳ್ಳುತ್ತದೆ. ಎಣ್ಣೆ, ಚಟ್ನಿಪುಡಿ, ಎಲ್ಲಕ್ಕೂ ಟೇಪ್ ಸುತ್ತಿ.

ನಾವು ಇಳಿದಿದ್ದು ಶೇಫರ್ ದಾರಿಯಲ್ಲಿ. ಶೇಫರ್ ಅನ್ನುವ ಮನೆತನದವರು ದನ ಹೊಡೆದುಕೊಂಡು ಹೋಗುತ್ತಿದ್ದ ಕಾಲುದಾರಿ, ಆಮೇಲೆ ಗಣಿಯವರಿಗಾಗಿ ಅಗಲ ಮಾಡಿದ್ದು. ಗೋಡೆಯಂಥ ಕಣಿವೆಯಲ್ಲಿ ತಿರುವು ತಿರುವಾಗಿ 1,500 ಅಡಿ ಇಳಿತ. ಇಳಿಯೋಕೆ ಮುಂಚೆಯೇ ನಿಲ್ಲಿಸಿ ಟೈರಿನ ಗಾಳಿಯನ್ನು 35 ಪಿಎಸ್‌ಐಯಿಂದ 20ಕ್ಕೆ ಇಳಿಸಿದೆವು. ಗಾಳಿ ಕಮ್ಮಿ ಆದರೆ ಟೈರು ನೆಲಕ್ಕೆ ಉದ್ದಕ್ಕೆ ಹರಡಿಕೊಳ್ಳುತ್ತದೆ. ಚೂಪು ಕಲ್ಲು ಒತ್ತಿದಾಗ ಹರಿಯುವ ಬದಲು ಬಗ್ಗಿ ಕೊಡುತ್ತದೆ, ಮರಳಲ್ಲಿ ಹೂತುಕೊಳ್ಳುವುದಿಲ್ಲ, ಸೊಂಟಕ್ಕೂ ಸುಖ. ಇಳಿಯುವಾಗ ಲೋ ಗೇರಿನಲ್ಲಿ ಮೊದಲನೇ ಗೇರ್ ಹಾಕಿ ಬ್ರೇಕಿನಿಂದ ಕಾಲು ತೆಗೆಯಬೇಕು. ಗಾಡಿಯನ್ನು ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಬ್ರೇಕ್ ಒತ್ತುತ್ತಲೇ ಇಳಿದರೆ ಕೊನೆಗೆ ಅದು ಕಾದು ಕೈಕೊಡುತ್ತದೆ. ಎದುರಿಗೆ ಗಾಡಿ ಬಂದರೆ ಹತ್ತುವವರಿಗೆ ದಾರಿ ಬಿಡಬೇಕು, ಅಂದರೆ ಹಿಂದಕ್ಕೆ ಹೋಗಿ ಜಾಗ ಹುಡುಕಬೇಕಾದ್ದು ನಾವು.

ಕೆಳಗೆ ಬಂದಮೇಲೆ ದಾರಿ ಬಹುಪಾಲು ಮಟ್ಟಸ. ಬೇಗ ಹೋಗಬಹುದು ಅನ್ನಿಸುತ್ತದೆ. ಆಗುವುದಿಲ್ಲ. ಬಂಡೆಯ ಮೆಟ್ಟಿಲುಗಳು, ಗುಂಡಿಗಳು, ಒಣ ಹಳ್ಳಗಳು ಅಡ್ಡ ಬರುತ್ತಲೇ ಇರುತ್ತವೆ. ಗಂಟೆಗೆ ಹದಿನೈದು ಕಿಲೋಮೀಟರ್ ಆದರೆ ಅದೇ ದೊಡ್ಡದು. ಬಿಳಿ ಮರಳುಗಲ್ಲು ಗಟ್ಟಿ, ಅದರ ಕೆಳಗಿನ ಕೆಂಪು ಪದರ ಮೆತ್ತಗೆ. ಕೆಂಪು ಸವೆದು ಹೋಗಿ ಬಿಳಿ ಮಾತ್ರ ಛಾವಣಿಯಂತೆ ಚಾಚಿಕೊಂಡಿರುವ ಕಡೆಯೆಲ್ಲ ನಾವು ಗಾಡಿ ಓಡಿಸುತ್ತಿದ್ದದ್ದು ಆ ಛಾವಣಿಯ ಮೇಲೇ. ದಾರಿ ಬಿಟ್ಟು ಪಕ್ಕಕ್ಕೆ ಚಕ್ರ ಇಳಿಸಬಾರದು. ಅಲ್ಲಿನ ಮಣ್ಣಿನ ಮೇಲೆ ತಳ ಹತ್ತಿದ ಅನ್ನದ ಹಾಗೆ ಕಪ್ಪಗೆ, ಉಬ್ಬುಬ್ಬಾಗಿ ಒಂದು ಹೊರಪದರ ಇದೆ. ಅದು ಜೀವ ಇರುವಂಥದ್ದು, ಪಾಚಿ ಬ್ಯಾಕ್ಟೀರಿಯಾ ಎಲ್ಲ ಸೇರಿ ಮಣ್ಣು ಹಾರದ ಹಾಗೆ ಹಿಡಿದುಕೊಂಡಿರುತ್ತವೆ. ಒಮ್ಮೆ ತುಳಿದರೆ ಮತ್ತೆ ಕಟ್ಟಿಕೊಳ್ಳಲು ವರ್ಷಗಳೇ ಬೇಕು.

ಮೊದಲ ರಾತ್ರಿ ಗೂಸ್‌ಬೆರಿ ಕ್ಯಾಂಪು. ಒಂದು ಶೌಚಾಲಯ, ಗಾಡಿ ನಿಲ್ಲಿಸುವ ಜಾಗ, ಅಷ್ಟೇ. ಬಿಸಿಲು ಇಳಿದ ಅರ್ಧ ಗಂಟೆಗೆ ಸ್ವೆಟರ್ ಹುಡುಕುವಷ್ಟು ಚಳಿ.

ಮಾರನೇ ದಿನ ಮರ್ಫಿ ಹಾಗ್‌ಬ್ಯಾಕ್ ಎಂಬ ಏರು. ಕೆಳಗೇ ನಿಲ್ಲಿಸಿ ಇಬ್ಬರೂ ಮೊದಲು ಕಾಲ್ನಡಿಗೆಯಲ್ಲಿ ಹತ್ತಿ ನೋಡಿ ಬಂದೆವು. ಇದನ್ನು ಯಾರಿಗಾದರೂ ಹೇಳುತ್ತೇನೆ: ಗಾಡಿ ಹತ್ತುವಾಗ ಡ್ರೈವರಿಗೆ ಕಾಣುವುದು ಬಾನೆಟ್ಟು ಮತ್ತು ಆಕಾಶ ಮಾತ್ರ. ದಾರಿ ಎಡಕ್ಕೆ ತಿರುಗುತ್ತದೋ ಬಲಕ್ಕೋ ಅನ್ನುವುದು ಮೊದಲೇ ತಲೆಯಲ್ಲಿರಬೇಕು.

ಆದರೆ ನಿಜವಾಗಿ ಬೆವರಿಳಿಸಿದ್ದು ಹಾರ್ಡ್‌ಸ್ಕ್ರಾಬಲ್ ಹಿಲ್. ಗ್ರೀನ್ ನದಿಯ ಪಕ್ಕದ ಪೊಟೇಟೊ ಬಾಟಮ್ ಕ್ಯಾಂಪಿನಲ್ಲಿ ಮಲಗಿ ಎದ್ದು, ಬೆಳಿಗ್ಗೆಯ ಮೊದಲ ಕೆಲಸವೇ ಅದು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನದಿ ಕಾಣುವ ಇಳಿಜಾರು, ನಡುವೆ ಒಂದೇ ಗಾಡಿಯ ಅಗಲ. ತಿರುವಿನಲ್ಲಿ ಮೊಣಕಾಲೆತ್ತರದ ಬಂಡೆಯ ಮೆಟ್ಟಿಲು. ನಮ್ಮನೆಯವರು ಇಳಿದು ಹತ್ತು ಹೆಜ್ಜೆ ಮುಂದೆ ಹೋಗಿ ನನಗೆ ಕಾಣುವ ಹಾಗೆ ನಿಂತರು. ನಮ್ಮ ಒಪ್ಪಂದ ಇಷ್ಟೇ: ಬಾಯಿ ಇಲ್ಲ, ಕೈ ಮಾತ್ರ. ಎಂಜಿನ್ ಸದ್ದಿಗೆ ಕೂಗಿದ್ದು ಅರ್ಧ ಕೇಳುತ್ತದೆ, ಎದುರುಬದುರು ನಿಂತಾಗ ಅವರ ಎಡ ನನಗೆ ಬಲ, ಜಗಳಕ್ಕೆ ಅಷ್ಟು ಸಾಕಲ್ವಾ? ತೋರುಬೆರಳು ಯಾವ ಕಡೆಗೋ ಸ್ಟೇರಿಂಗ್ ಆ ಕಡೆಗೆ. ಎರಡೂ ಅಂಗೈ ಮುಂದೆ ಚಾಚಿದರೆ ನಿಲ್ಲು.

ಬೆರಳು ನದಿಯ ಕಡೆಗೆ ತೋರಿಸಿದರು. ನನ್ನ ಮನಸ್ಸು ಗುಡ್ಡದ ಕಡೆಗೆ ಎಳೆಯುತ್ತಿತ್ತು. ತಿರುಗಿಸಿದೆ. ಮುಂದಿನ ಚಕ್ರ ಕಲ್ಲಿಗೆ ಒತ್ತಿ ನಿಂತಿತು. ಆಕ್ಸಿಲರೇಟರ್ ಒಂದು ಕೂದಲೆಳೆ ಒತ್ತಿದೆ. ಟೈರಿನ ಕೆನ್ನೆ ಉಬ್ಬಿತು, ಗಾಡಿ ಮೆಲ್ಲಗೆ ಎದ್ದಿತು, ನನ್ನ ಕಡೆಯ ಕಿಟಕಿಯಲ್ಲಿ ಬರೀ ಕಲ್ಲು. ಅಂಗೈ. ನಿಂತೆ. ಅವರು ಬಗ್ಗಿ ಗಾಡಿಯ ಅಡಿ ನೋಡಿದರು, ಹಿಂದಿನ ಚಕ್ರದ ಹತ್ತಿರ ಹೋದರು, ಬೂಟಿನಿಂದ ಒಂದು ಕಲ್ಲನ್ನು ಒದ್ದು ಮೆಟ್ಟಿಲಿಗೆ ಆನಿಸಿದರು. ಆಮೇಲೆ "ಬಾ ಬಾ" ಅನ್ನುವ ಹಾಗೆ ನಾಲ್ಕೂ ಬೆರಳು ಮಡಚಿದರು. ಹಿಂದಿನ ಚಕ್ರ ಆ ಕಲ್ಲಿನ ಮೇಲೆ ಕೂತು ಸಲೀಸಾಗಿ ಹತ್ತಿತು. ಅಡಿಗೆ ಏನೂ ತಾಗಲಿಲ್ಲ.

"ರೀ, ಕಲ್ಲು ತೆಗೆದು ಪಕ್ಕಕ್ಕೆ ಹಾಕಿ" ಅಂದೆ. ಇಟ್ಟಿದ್ದನ್ನು ತೆಗೆದೇ ಹತ್ತಿ ಕೂತರು. ಮುಂದೆ ಬರುವವರ ಲೆಕ್ಕಾಚಾರ ನಾವು ಯಾಕೆ ಕೆಡಿಸಬೇಕು.

ಮಿನರಲ್ ಬಾಟಮ್‌ನಲ್ಲಿ ಮತ್ತೆ ತಿರುವುಗಳು, ಈ ಸಲ ಮೇಲಕ್ಕೆ. 2010ರ ಆಗಸ್ಟ್‌ನಲ್ಲಿ ದಿಢೀರ್ ಮಳೆ ನೀರಿಗೆ ಈ ತಿರುವುಗಳೇ ಕೊಚ್ಚಿಹೋಗಿ, ಮಾರನೇ ವರ್ಷ ಕಟ್ಟಿದ ಮೇಲೆಯೇ ದಾರಿ ತೆರೆದದ್ದು. ಆದ್ದರಿಂದ ಹೊರಡುವ ದಿನ ಬೆಳಿಗ್ಗೆ ರೇಂಜರ್ ಕಚೇರಿಯಲ್ಲಿ ದಾರಿಯ ಸ್ಥಿತಿ ಕೇಳಿಯೇ ಹೋಗಿ. ವಸಂತದಲ್ಲಿ ಗ್ರೀನ್ ನದಿ ಉಕ್ಕಿ ರಸ್ತೆ ಮುಳುಗುವುದೂ ಉಂಟು. ಮೇಲೆ ಬಂದಮೇಲೆ ಟೈರಿಗೆ ಗಾಳಿ ತುಂಬಿಕೊಳ್ಳಲು ಪುಟ್ಟ ಕಂಪ್ರೆಸರ್ ಇರಲಿ. ಅರ್ಧ ಗಾಳಿಯಲ್ಲಿ ಹೈವೇ ಹಿಡಿದರೆ ಟೈರು ಬಿಸಿಯಾಗಿ ಒಡೆಯಬಹುದು.

ಇಷ್ಟೆಲ್ಲ ಬೇಡಪ್ಪ ಅನ್ನುವವರು ಶೇಫರ್ ತಿರುವುಗಳನ್ನು ಇಳಿದು, ಪೊಟ್ಯಾಷ್ ರಸ್ತೆ ಹಿಡಿದು ಮೋಯಾಬ್‌ಗೆ ವಾಪಸಾಗಬಹುದು. ಅರ್ಧ ದಿನದ ಹಾದಿ. ಮಧ್ಯೆ ಕೆಂಪು ನೆಲದಲ್ಲಿ ಕಣ್ಣು ಕುಕ್ಕುವ ನೀಲಿ ಕೊಳಗಳು ಸಿಗುತ್ತವೆ. ಸರೋವರ ಅಂದುಕೊಳ್ಳಬೇಡಿ. ಪೊಟ್ಯಾಷ್ ಎಂಬ ಗೊಬ್ಬರದ ಉಪ್ಪು ತೆಗೆಯುವ ಗಣಿಯವರು ನೀರು ಬೇಗ ಆವಿಯಾಗಲಿ ಅಂತ ಬಣ್ಣ ಬೆರೆಸಿಟ್ಟಿರುವುದು.